ನಗಿಸಿದವನ ಸೂತಕ

ಕರುಣವೂ ಹಾಸ್ಯವೂ ಪರಸ್ಪರ ವಿರೋಧಿಗಳಾದ ರಸಗಳೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಒಂದು ನೆಲೆನಿಂತ ಹೃದಯದಲ್ಲಿ ಮತ್ತೊಂದಕ್ಕೆ ಅವಕಾಶವಿಲ್ಲವೆಂಬ ಆ ಮಾತು ಕಾವ್ಯದ ಮಟ್ಟಿಗೆ ಬಹುವಾಗಿ ನಿಜವಿರಬಹುದು. ಆದರೆ ಜನಪ್ರಿಯನಾದ ಹಾಸ್ಯನಟನೊಬ್ಬನು ಕಾಲವಾದಾಗ ಅವನನ್ನು ಮೆಚ್ಚಿಕೊಂಡಿದ್ದ ಜನರು ದುಃಖಿಸುವ ರೀತಿಯನ್ನು ಹತ್ತಿರದಿಂದ ಕಂಡವರಿಗೆ, ಲೋಕವ್ಯವಹಾರದಲ್ಲಿ ಈ ಎರಡು ರಸಗಳಿಗೂ ಅಷ್ಟು ವೈರವಿಲ್ಲವೆಂಬುದು ತಾನಾಗಿಯೇ ಮನದಟ್ಟಾಗುತ್ತದೆ. ನಾಯಕನಟನು ತೀರಿಕೊಂಡರೆ ಅಂಗಡಿಗಳು ಮುಚ್ಚುತ್ತವೆ, ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಜನರು ಮೌನವಾಗಿ ನಿಲ್ಲುತ್ತಾರೆ. ಹಾಸ್ಯನಟನು ತೀರಿಕೊಂಡಲ್ಲಿಯೋ, ಮೊದಲ ಕ್ಷಣದ ಮೌನ ಕಳೆಯುತ್ತಲೇ ಯಾರಾದರೊಬ್ಬರು ಅವನ ಮಾತೊಂದನ್ನು ಅವನ ಧಾಟಿಯಲ್ಲಿಯೇ ಆಡಿತೋರಿಸುತ್ತಾರೆ, ಇನ್ನೊಬ್ಬರು ಹಾಗಲ್ಲ ಹೀಗೆಂದು ತಿದ್ದುತ್ತಾರೆ, ಎಲ್ಲರೂ ನಗುತ್ತಾರೆ, ನಕ್ಕವರೇ ಕಣ್ಣೊರೆಸಿಕೊಳ್ಳುತ್ತಾರೆ. ಇದನ್ನು ಅಗೌರವವೆಂದು ಎಣಿಸುವ ಗಂಭೀರಸ್ವಭಾವದವರುಂಟು. ನನಗಾದರೋ ಇದಕ್ಕಿಂತ ಯಥೋಚಿತವಾದ ಶ್ರಾದ್ಧ ಮತ್ತೊಂದಿದೆಯೆಂದು ತೋರುವುದಿಲ್ಲ. ಕಲಾವಿದನು ಬಿಟ್ಟುಹೋದ ವಸ್ತುವನ್ನೇ ಎತ್ತಿಕೊಂಡು ಅವನಿಗೆ ಸಲ್ಲಿಸುವ ಯೋಗ್ಯತೆ ಅಭಿಮಾನಿಗೆ ಬೇರಾವ ಸಂದರ್ಭದಲ್ಲಿ ತಾನೆ ಒದಗೀತು!

ಕನ್ನಡ ಚಿತ್ರರಂಗದ ಹಾಸ್ಯನಟ ನರಸಿಂಹರಾಜು ಅವರು ಕಾಲವಾದುದು 1979ರ ಜುಲೈ ತಿಂಗಳಿನಲ್ಲಿ, ಐವತ್ತಾರು ತುಂಬಲು ಇನ್ನೂ ಕೆಲವು ದಿನಗಳು ಉಳಿದಿರುವಾಗ. ನಮ್ಮ ಚಂದ್ರಗುತ್ತಿಯ ಸೀಮೆಗೆ ಅದು ಆಷಾಢದ ಜಡಿಮಳೆಯ ಕಾಲ. ಬೆಟ್ಟದ ಮೇಲಣ ಹಳೆಯ ಕೋಟೆ ದಿನಗಟ್ಟಲೆ ಮಂಜಿನೊಳಗೆ ಮುಚ್ಚಿಹೋಗಿರುತ್ತದೆ. ರೇಣುಕಾಂಬೆಯ ಗುಹಾಲಯಕ್ಕೆ ಹತ್ತುವ ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತದೆ. ಕಂಬಳಿಕೊಪ್ಪೆ ಹೊದ್ದವರು ಗದ್ದೆಯ ನಾಟಿಯಲ್ಲಿ ಮುಳುಗಿರುತ್ತಾರೆ. ಮರಣವಾರ್ತೆ ಹಬ್ಬಿದುದು ರೇಡಿಯೋದಿಂದ ಮತ್ತು ಬಸ್ಸಿನಲ್ಲಿ ಬರುವ ಪತ್ರಿಕೆಯಿಂದ. ಆ ದಿನಗಳಲ್ಲಿ ಸೊರಬ, ಸಿದ್ದಾಪುರ, ಶಿರಸಿಯ ಸುತ್ತಮುತ್ತಣ ಹಳ್ಳಿಗಳಿಗೆ ಸಿನಿಮಾ ಎಂಬುದು ಬಹುಮಟ್ಟಿಗೆ ಟೆಂಟಿನ ವ್ಯವಹಾರವಾಗಿದ್ದುದರಿಂದ, ಮಳೆಗಾಲದಲ್ಲಿ ಟೆಂಟು ಬಿಚ್ಚಿಹೋದ ಮೇಲೆ ಅಭಿಮಾನಿಗಳಿಗೆ ತಮ್ಮ ನಟನನ್ನು ಕಡೆಯದಾಗಿ ನೋಡಿ ಬರುವುದಕ್ಕೂ ಒಂದು ಸ್ಥಳವಿರಲಿಲ್ಲ. “ನರಸಿಂಹರಾಜು ಹೋದ್ರಂತೆ ಮಾರಾಯ, ಇನ್ನು ಸಿನಿಮಾಕ್ಕೆ ಹೋಗಿ ಎಂಥ ನೋಡೂದು?” ಎಂದು ಗದ್ದೆಯ ಅಂಚಿನಲ್ಲಿ ಆಡಿಕೊಂಡ ಮಾತನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಪ್ರಶ್ನೆಯಲ್ಲಿ ಅತಿಶಯೋಕ್ತಿ ಸ್ವಲ್ಪವೂ ಇರಲಿಲ್ಲ. ಚಿತ್ರದಲ್ಲಿ ನಾಯಕನು ಯಾರೆಂದು ವಿಚಾರಿಸುವುದಕ್ಕೆ ಮೊದಲೇ “ನರಸಿಂಹರಾಜು ಇದ್ದಾರೆಯೇ?” ಎಂದು ಕೇಳಿ ಟಿಕೆಟು ಕೊಳ್ಳುತ್ತಿದ್ದ ಪ್ರೇಕ್ಷಕವರ್ಗವೊಂದು ಆಗ ಕನ್ನಡನಾಡಿನಲ್ಲಿ ನಿಜವಾಗಿಯೂ ಇದ್ದಿತು.

ಈ ಪ್ರೀತಿ ಒಂದು ದಿನದಲ್ಲಿ ಬೆಳೆದುದಲ್ಲ. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಅವರು ಅಕ್ಷರಾಭ್ಯಾಸಕ್ಕಿಂತ ಮೊದಲೇ ಬಣ್ಣ ಹಚ್ಚಿಕೊಂಡವರು. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯಲ್ಲಿ ಪ್ರಹ್ಲಾದ, ಲೋಹಿತಾಶ್ವ, ಮಾರ್ಕಂಡೇಯ ಮುಂತಾದ ಬಾಲಪಾತ್ರಗಳಲ್ಲಿ ಪಳಗಿ, ಕಂಪನಿಯಿಂದ ಕಂಪನಿಗೆ ಅಲೆದು, ಕಡೆಗೆ ಗುಬ್ಬಿ ವೀರಣ್ಣನವರ ಸಂಸ್ಥೆಯನ್ನು ಸೇರಿದರು. ವೀರಣ್ಣನವರು ತಾವೇ ಮಹಾ ಹಾಸ್ಯನಟರು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಒಂದು ತಲೆಮಾರನ್ನೇ ನಗಿಸಿದವರು. ಅಂತಹ ಯಜಮಾನನ ಕಣ್ಣೆದುರಿಗೆ ಹಾಸ್ಯಪಾತ್ರ ವಹಿಸಿ ಸೈ ಎನ್ನಿಸಿಕೊಳ್ಳಬೇಕಾದರೆ, ಮಾತಿನ ಎಡೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಸಭೆಯ ನಗೆ ಏರಿ ಇಳಿಯುವ ಯಾವ ಘಟ್ಟದಲ್ಲಿ ಮುಂದಿನ ಮಾತನ್ನು ಬಿಡಬೇಕು ಎಂಬ ಲೆಕ್ಕ ರಕ್ತಗತವಾಗಿರಬೇಕಾಗಿದ್ದಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ವನ್ನು ತೆರೆಗೆ ತಂದಾಗ ರಾಜ್‌ಕುಮಾರ್ ಅವರು ನಾಯಕರಾಗಿ ಬಂದ ಆ ಮೊದಲ ಚಿತ್ರದಲ್ಲಿಯೇ ನರಸಿಂಹರಾಜು ಅವರೂ ಕಾಶಿಯ ಪಾತ್ರದಲ್ಲಿ ಚಿತ್ರರಂಗವನ್ನು ಪ್ರವೇಶಿಸಿದರು. ಮುಂದೆ ಚಿತ್ರಗಳ ಸಂಖ್ಯೆ ಕ್ಷೀಣಿಸಿ ಕಲಾವಿದರಿಗೆ ಅನ್ನಕ್ಕೇ ತತ್ವಾರವಾದಾಗ ಇವರಿಬ್ಬರೂ ಬಾಲಕೃಷ್ಣ ಮತ್ತು ಜಿ.ವಿ. ಅಯ್ಯರ್ ಅವರೊಡನೆ ಸೇರಿ ಕಲಾವಿದರ ಸಂಘವನ್ನು ಕಟ್ಟಿ, ಊರೂರುಗಳಲ್ಲಿ ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ವನ್ನು ತಾವೇ ನಿರ್ಮಿಸಿದರು. ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳ ಮೂಲೆಯಲ್ಲಿ ಕಮರಿಹೋಗದೆ ಉಳಿದುದಕ್ಕೆ ಈ ನಾಲ್ವರ ಆ ದುಡಿಮೆಯೂ ಒಂದು ಕಾರಣವೆಂಬುದನ್ನು ನಗೆಯ ಭರದಲ್ಲಿ ನಾವು ಮರೆಯಬಾರದು.

ಅವರ ಕಲೆಯ ತಿರುಳು ಎಲ್ಲಿದೆಯೆಂದು ಕೇಳುವವರಿಗೆ ನಾನು ಯಾವಾಗಲೂ 1965ರ ‘ಸತ್ಯ ಹರಿಶ್ಚಂದ್ರ’ವನ್ನು ತೋರಿಸುತ್ತೇನೆ. ಹುಣಸೂರು ಕೃಷ್ಣಮೂರ್ತಿಗಳ ಆ ಚಿತ್ರದಲ್ಲಿ ಅವರದು ನಕ್ಷತ್ರಿಕನ ಪಾತ್ರ. ರಾಘವಾಂಕನ ಕಾಲದಿಂದಲೂ ಕನ್ನಡಿಗರಿಗೆ ಚಿರಪರಿಚಿತನಾದ ಈ ವ್ಯಕ್ತಿ, ವಿಶ್ವಾಮಿತ್ರನ ಸಾಲವನ್ನು ವಸೂಲು ಮಾಡುವುದಕ್ಕೆಂದು ರಾಜ್ಯಭ್ರಷ್ಟನಾದ ಅರಸನ ಬೆನ್ನು ಹತ್ತಿ ಕಾಶಿಯವರೆಗೂ ಕಾಡುತ್ತಾ ನಡೆಯುವವನು. ಇವನು ಕೇವಲ ಕ್ರೂರಿಯಾದರೆ ಕಥೆ ಸಹಿಸಲಾರದಷ್ಟು ಭಾರವಾಗುತ್ತದೆ. ಕೇವಲ ವಿದೂಷಕನಾದರೆ ಹರಿಶ್ಚಂದ್ರನ ಸಂಕಟ ಹಗುರವಾಗಿ ಚಿತ್ರದ ಜೀವವೇ ಹೋಗುತ್ತದೆ. ಆಲಂಕಾರಿಕರು ಬೇಡವೆಂದ ರಸಸಂಕರವನ್ನು ಕವಿಯೇ ತಂದೊಡ್ಡಿರುವ ಈ ಇಕ್ಕಟ್ಟಿನಲ್ಲಿ ನರಸಿಂಹರಾಜು ಅವರು ಹಿಡಿದ ದಾರಿ ಅತ್ಯಂತ ಸೂಕ್ಷ್ಮವಾದುದು. ನಕ್ಷತ್ರಿಕನಿಗೆ ತಾನು ಹಾಸ್ಯಾಸ್ಪದನೆಂಬ ಅರಿವೇ ಇಲ್ಲದಂತೆ ಅವರು ಅಭಿನಯಿಸುತ್ತಾರೆ. ಅವನ ದೃಷ್ಟಿಯಲ್ಲಿ ಅವನು ಗುರುವಿನ ಆಜ್ಞೆಯನ್ನು ನೆರವೇರಿಸುತ್ತಿರುವ ಕರ್ತವ್ಯನಿಷ್ಠ, ನಡೆದು ದಣಿದವನು, ಉಪಕಾರ ಮಾಡಿಯೂ ಬೈಗುಳ ಉಣ್ಣುತ್ತಿರುವ ಪಾಪದವನು. ಆ ಕೃಶವಾದ ಶರೀರ, ಮುಂದಕ್ಕೆ ಚಾಚಿದ ಹಲ್ಲು, ದೂರು ಹೇಳುವಾಗ ಕೊನೆಯಲ್ಲಿ ಎಳೆದು ನಿಲ್ಲುವ ಧ್ವನಿ, ಇವುಗಳಿಗೆ ನಾವು ನಗುತ್ತಿರುವಾಗಲೇ ಪಕ್ಕದಲ್ಲಿ ನಿಂತ ರಾಜ್‌ಕುಮಾರ್ ಅವರ ಮುಖದ ಮೇಲಿನ ಶಾಂತಿ ಇನ್ನಷ್ಟು ಗಾಢವಾಗುತ್ತದೆ. ಚಂದ್ರಮತಿಯಾದ ಪಂಡರಿಬಾಯಿಯವರ ದೈನ್ಯ ಇನ್ನಷ್ಟು ಒಳಹೊಗುತ್ತದೆ. ಒಂದು ಕಾಲದಲ್ಲಿ ರಂಗದ ಮೇಲೆ ಲೋಹಿತಾಶ್ವನಾಗಿ ಅದೇ ಕಥೆಯ ಸಂಕಟವನ್ನು ಅನುಭವಿಸಿದ್ದ ಬಾಲನಟನೇ ಬೆಳೆದು ಈ ಕಾಡುವವನಾದನೆಂಬುದನ್ನು ನೆನೆದಾಗ, ಎಲ್ಲಿ ನಗಿಸಬೇಕು, ಎಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಬೇಕು ಎಂಬ ಅವರ ವಿವೇಕ ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ.

ಅವರನ್ನು ಕನ್ನಡದ ಚಾಪ್ಲಿನ್ ಎಂದು ಕರೆಯುವ ವಾಡಿಕೆಯುಂಟು. ಲಂಡನ್ನಿನಲ್ಲಿ ಹುಟ್ಟಿ ಜಗತ್ತನ್ನೆಲ್ಲ ನಗಿಸಿದ ಚಾರ್ಲಿ ಚಾಪ್ಲಿನ್ ತೀರಿಕೊಂಡುದು ಇವರಿಗಿಂತ ಒಂದೂವರೆ ವರ್ಷ ಮೊದಲು, 1977ರ ಡಿಸೆಂಬರ್ 25ರಂದು, ಸ್ವಿಟ್ಜರ್ಲೆಂಡಿನಲ್ಲಿ. ಆದರೆ ಆ ಎರಡು ಮರಣಗಳಿಗೆ ಜನ ಪಟ್ಟ ದುಃಖ ಒಂದೇ ಜಾತಿಯದಲ್ಲವೆಂದು ನನ್ನ ಅಭಿಪ್ರಾಯ. 1914ರಲ್ಲಿ ತೆರೆಗೆ ಬಂದ ಚಾಪ್ಲಿನ್ನನ ಅಲೆಮಾರಿ ಪಾತ್ರ, 1936ರ ‘ಮಾಡರ್ನ್ ಟೈಮ್ಸ್’ ಚಿತ್ರದ ಕೊನೆಯಲ್ಲಿ ಹುಡುಗಿಯೊಡನೆ ಹೆದ್ದಾರಿಯಲ್ಲಿ ನಡೆದುಹೋದ ಮೇಲೆ ಮತ್ತೆ ಮರಳಲಿಲ್ಲ. ಎಂಬತ್ತೆಂಟರ ಮುದುಕನು ಕಣ್ಮುಚ್ಚಿದಾಗ ಜಗತ್ತು ಅತ್ತುದು ನಲವತ್ತು ವರ್ಷಗಳ ಹಿಂದೆಯೇ ಬೀಳ್ಕೊಟ್ಟಿದ್ದ ತನ್ನ ಬಾಲ್ಯಕ್ಕಾಗಿ. 1952ರ ‘ಲೈಮ್‌ಲೈಟ್’ ಚಿತ್ರದಲ್ಲಿ, ಕೊನೆಯ ಸಲ ಸಭೆಯನ್ನು ನಗಿಸಿದ ವೃದ್ಧ ವಿದೂಷಕನು, ತಾನು ಬದುಕಿಸಿದ ಹುಡುಗಿ ರಂಗದ ಮೇಲೆ ನರ್ತಿಸುತ್ತಿರುವಾಗ ಪಕ್ಕದ ಪರದೆಯ ಮರೆಯಲ್ಲಿ ಪ್ರಾಣ ಬಿಡುವುದನ್ನು ಚಿತ್ರಿಸಿ, ಚಾಪ್ಲಿನ್ ತನ್ನ ಸೂತಕವನ್ನು ತಾನೇ ಮೊದಲು ಆಚರಿಸಿಬಿಟ್ಟಿದ್ದನು. ನರಸಿಂಹರಾಜು ಅವರಿಗೆ ಅಂತಹ ವಿರಾಮ ದೊರೆಯಲಿಲ್ಲ. ಅವರು ಹೋದುದು ದುಡಿಮೆಯ ನಡುವೆ, ಊಟದ ಎಲೆಯ ಮುಂದಿನಿಂದ ಎದ್ದು ಹೋದವರಂತೆ. ಆದುದರಿಂದ ನಮ್ಮವರ ದುಃಖದಲ್ಲಿ ಸ್ಮರಣೆಗಿಂತ ದಿಗ್ಭ್ರಮೆಯೇ ಹೆಚ್ಚಾಗಿದ್ದಿತು.

ಚಾಪ್ಲಿನ್ನನ ಮಾತು ಬಂದುದರಿಂದ ಅವನ ಪ್ರತಿಮೆಯೊಂದರ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2009ರಲ್ಲಿ ಘಟ್ಟದ ಕೆಳಗೆ ಬೈಂದೂರಿನ ಒತ್ತಿನೆಣೆಯ ಕಡಲಂಚಿನಲ್ಲಿ, ಕನ್ನಡ ಚಿತ್ರವೊಂದಕ್ಕಾಗಿ 60 ಅಡಿಗೂ ಮೀರಿದ ಚಾಪ್ಲಿನ್ ಪ್ರತಿಮೆಯನ್ನು ನಿಲ್ಲಿಸಲು ಹೊರಟಾಗ ಮತದ ಹೆಸರಿನಲ್ಲಿ ಸ್ಥಳೀಯ ವಿರೋಧವೆದ್ದು ಅದು ನಿಂತುಹೋಯಿತು. ಆ ವಿವಾದದಿಂದ ನನಗೆ ಖೇದವಾಯಿತು. ನಗಿಸಿದವನಿಗೆ ಮತವಾವುದೆಂದು ಕೇಳುವುದು ನಮ್ಮ ಟೆಂಟಿನ ಪ್ರೇಕ್ಷಕರಿಗೆ ಎಂದೂ ತೋರದ ಪ್ರಶ್ನೆ.

ಟೆಂಟಿನ ಮಾತಿಗೆ ಬರುತ್ತೇನೆ. ಏಕೆಂದರೆ ನರಸಿಂಹರಾಜು ಅವರಿಗೆ ನಮ್ಮ ಸೀಮೆಯ ನಿಜವಾದ ಶ್ರದ್ಧಾಂಜಲಿ ಸಂದುದು ಅಲ್ಲಿ. ಮಳೆ ಹಿಂದೆಗೆದು, ದೀಪಾವಳಿ ಕಳೆದು, ಕೊಯ್ಲು ಮುಗಿದು, ಜಾತ್ರೆಗಳ ಕಾಲ ಬಂದಿತೆಂದರೆ ಮಲೆನಾಡಿನಲ್ಲಿ ನಾಟಕ ಕಂಪನಿಗಳೂ ಯಕ್ಷಗಾನ ಮೇಳಗಳೂ ಟೂರಿಂಗ್ ಟಾಕೀಸುಗಳೂ ಮತ್ತೆ ಬಿಡಾರ ಹೂಡುತ್ತಿದ್ದುವು. ಸಂಜೆ ಘಂಟಸಾಲರ ‘ನಮೋ ವೆಂಕಟೇಶ’ ತಟ್ಟೆ ಮೊಳಗಿತೆಂದರೆ ಇನ್ನು ಆಟ ಸುರುವೆಂದು ಅರ್ಥ. ದೂರದ ಹಾಡಿಗಳಿಂದ ಸೂಡಿ ಹಿಡಿದು ಹೊರಟವರು ಹೆಜ್ಜೆಯನ್ನು ಚುರುಕುಗೊಳಿಸುತ್ತಿದ್ದರು. ಆ ವರ್ಷ ತೆರೆಯ ಮೇಲೆ ಆ ಪರಿಚಿತವಾದ ಮುಖ ಮೂಡಿದೊಡನೆ ಎಂದಿನಂತೆ ಶಿಳ್ಳೆಗಳು ಹಾರಲಿಲ್ಲವಂತೆ. ನೆಲದ ಮೇಲೆ ಕುಳಿತಿದ್ದವರಲ್ಲಿ ಒಂದು ತೆರನಾದ ಸ್ತಬ್ಧತೆ ಹಬ್ಬಿತಂತೆ. ಹೆಂಗಸರ ಕಡೆಯಿಂದ ನಿಡಿದಾದ ನಿಟ್ಟುಸಿರು ಕೇಳಿಸಿತಂತೆ. ಆದರೆ ಅವರು ಮೊದಲ ಮಾತನ್ನಾಡಿ, ಆ ಮಾತಿನ ಬಳಿಕ ಆ ಅಳತೆಯ ಮೌನವನ್ನು ಬಿಟ್ಟು, ಕಣ್ಣನ್ನು ಒಮ್ಮೆ ಹೊರಳಿಸಿದ ಕೂಡಲೆ ಟೆಂಟಿಗೆ ಟೆಂಟೇ ನಕ್ಕಿತು. ಇದನ್ನು ನನಗೆ ಹೇಳಿದ ಹಿರಿಯರು ಆ ನಗೆ ಮುಗಿದ ಮೇಲೆ ತಮಗೆ ಎದೆ ಹಗುರವಾಯಿತೆಂದೂ, ಜುಲೈಯಲ್ಲಿ ಕೇಳಿದ ಸುದ್ದಿಯನ್ನು ತಾವು ಒಪ್ಪಿಕೊಂಡುದು ಆಗಲೇ ಎಂದೂ ಹೇಳಿದರು.

ಆ ಒಪ್ಪಿಗೆಯ ಒಳಗೆ ಇನ್ನೊಂದು ನಷ್ಟವಿದ್ದುದು ನಮಗೆ ಅರಿವಾಗುವುದಕ್ಕೆ ಬಹುಕಾಲ ಹಿಡಿಯಿತು. ಕಂಪನಿ ರಂಗಭೂಮಿಯ ಗರಡಿಯಲ್ಲಿ ಪಳಗಿದ ಹಾಸ್ಯನಟರ ಆ ಸಂತತಿ ಒಬ್ಬೊಬ್ಬರಾಗಿ ಮರೆಯಾಯಿತು. ಕಿವಿ ಮಂದವಾಗಿದ್ದೂ ಎದುರಿನವರ ತುಟಿಯ ಚಲನೆಯಿಂದಲೇ ಸಮಯವರಿತು ಮಾತಾಡುತ್ತಿದ್ದ ಬಾಲಕೃಷ್ಣ ಅವರು 1995ರಲ್ಲಿ ಹೋದರು. ‘ಲಂಚಾವತಾರ’ದಲ್ಲಿ ಅಧಿಕಾರಸ್ಥರನ್ನು ಹೆಸರು ಹಿಡಿದು ಚುಚ್ಚುತ್ತಿದ್ದ ಮಾಸ್ಟರ್ ಹಿರಣ್ಣಯ್ಯನವರು 2019ರ ಮೇ 2ರಂದು ತೀರಿಕೊಂಡಾಗ ಅಂಗಡಿಯ ಕಟ್ಟೆಗಳ ಮೇಲೆ ಅವರ ಮಾತುಗಳನ್ನು ಆಡಿಕೊಂಡು ನಕ್ಕವರಲ್ಲಿ ಅನೇಕರು ಅವರನ್ನು ರಂಗದ ಮೇಲೆ ನೋಡಿದವರೇ ಆಗಿದ್ದರು. ಮುಂದಿನವರಿಗೆ ಆ ಭಾಗ್ಯವಿಲ್ಲ. ಹಾಸ್ಯವನ್ನು ಕಥೆಯಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಹೊಲಿದು ಸೇರಿಸುವ ಪದ್ಧತಿ ಚಲನಚಿತ್ರಗಳಲ್ಲಿ ಬಲವಾದಂತೆ, ಕರುಣದ ಮಗ್ಗುಲಲ್ಲಿ ನಿಂತು ಅದನ್ನು ಕೆಡಿಸದೆ ನಗಿಸುವ ವಿದ್ಯೆಗೆ ಕೆಲಸವೇ ಇಲ್ಲವಾಯಿತು. ಈಗಿನ ನಟರಲ್ಲಿ ಪ್ರತಿಭೆಯ ಕೊರತೆಯಿದೆಯೆಂದು ನಾನು ಹೇಳುವುದಿಲ್ಲ. ಅವರಿಗೆ ನಕ್ಷತ್ರಿಕನಂತಹ ಪಾತ್ರ ಸಿಕ್ಕುತ್ತಿಲ್ಲವೆಂದು ಹೇಳುತ್ತೇನೆ.

ನೋಡಲಿಚ್ಛಿಸುವವರಿಗೆ ಒಂದೆರಡು ಸೂಚನೆಗಳು. ನರಸಿಂಹರಾಜು ಅವರು ತಾವೇ ನಿರ್ಮಿಸಿ ಮುಖ್ಯಪಾತ್ರ ವಹಿಸಿದ 1974ರ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ಬಿಡಬಾರದು, ಪಕ್ಕದ ಪಾತ್ರಗಳಲ್ಲಿ ಇಪ್ಪತ್ತು ವರ್ಷ ಸವೆದ ಮೇಲೆ ಕಥೆಯ ನಡುವೆ ನಿಲ್ಲುವ ಅಧಿಕಾರವನ್ನು ಅವರು ಹೇಗೆ ಬಳಸಿಕೊಂಡರೆಂಬುದು ಅಲ್ಲಿ ಕಾಣುತ್ತದೆ. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಹಚ್ಚಿ ಮರುಬಿಡುಗಡೆ ಮಾಡಿದರು, ಅದರಿಂದ ಹೊಸ ಪ್ರೇಕ್ಷಕರು ದೊರೆತುದು ಸಂತೋಷವೇ ಆದರೂ ಕಪ್ಪುಬಿಳುಪಿನ ಮೂಲ ಪ್ರತಿಯನ್ನೇ ಹುಡುಕಿಕೊಳ್ಳಬೇಕೆಂದು ನನ್ನ ಸಲಹೆ. ಅವರ ಮುಖದ ಹಾಸ್ಯವೆಲ್ಲ ಹುಬ್ಬಿನ ಕೆಳಗಣ ನೆರಳಿನಲ್ಲಿದೆ, ಬಣ್ಣದಲ್ಲಿ ಆ ನೆರಳು ತೆಳುವಾಗಿಬಿಟ್ಟಿದೆ. ನಕ್ಷತ್ರಿಕನು ಮಾತಾಡದೆ ಅರಸನ ಹಿಂದೆ ಸುಮ್ಮನೆ ನಡೆಯುವ ತುಣುಕುಗಳನ್ನು ವಿಶೇಷವಾಗಿ ಗಮನಿಸಬೇಕು. ಬಾಲಕೃಷ್ಣ ಅವರ ವಿಷಯ ಇಲ್ಲಿ ಒಂದು ವಾಕ್ಯದಲ್ಲಿ ಮುಗಿಯತಕ್ಕದ್ದಲ್ಲ. ಅದನ್ನು ಇನ್ನೊಂದು ಸಂದರ್ಭಕ್ಕೆ ಇಟ್ಟುಕೊಂಡಿದ್ದೇನೆ.