ಐದು ಆಟೀನಿನ ಮುಂದೆ ಕೂತಾಗ

ಲ್ಯಾರಿ ಕೋಹೆನ್ ಪುಸ್ತಕ ಓದಿದ ಬ್ರಿಜ್ ಆಟಗಾರನನ್ನು ಗುರುತಿಸೋದು ಸುಲಭ. ಎದುರಿನವರು ಐದು ಆಟೀನು ಅಂತ ಬಿಡ್ ಇಟ್ಟ ತಕ್ಷಣ ಅವನ ತುಟಿ ಅಲುಗಾಡೋಕೆ ಶುರುವಾಗುತ್ತೆ. ನಮ್ಮದು ಒಂಬತ್ತು, ಅವರದ್ದು ಹತ್ತು, ಒಟ್ಟು ಹತ್ತೊಂಬತ್ತು. ಆಮೇಲೆ ಡಬಲ್ ಕಾರ್ಡು ಇಡ್ತಾನೆ, ಇಲ್ಲಾ ಐದು ಇಸ್ಪೀಟು ಅಂತಾನೆ. ಯಾವುದು ಮಾಡಿದರೂ ಮುಖದಲ್ಲಿ ಮಾತ್ರ ಟೆಸ್ಟ್ ಕೇಸೆಲ್ಲಾ ಪಾಸಾದ ಸಮಾಧಾನ. ನಮ್ಮಂಥ ಐಟಿ ಮಂದಿಗೆ ಈ ಪುಸ್ತಕ ಯಾಕೆ ಹಿಡಿಸುತ್ತೆ ಅನ್ನೋದಕ್ಕೆ ಬೇರೆ ವಿವರಣೆ ಬೇಡ. ಫಾರ್ಮುಲಾ ಇದೆ, ಇನ್‌ಪುಟ್ ಎರಡೇ, ಔಟ್‌ಪುಟ್ ಒಂದು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಾಲ್ಕು ಜನ, ಇಬ್ಬಿಬ್ಬರು ಜೋಡಿ, ತಲೆಗೆ 13 ಎಲೆ. ನಾಲ್ವರೂ ಒಂದೊಂದು ಎಲೆ ಇಟ್ಟರೆ ಒಂದು ಟ್ರಿಕ್ಕು. ‘ಐದು ಆಟೀನು’ ಅಂದರೆ ಆಟೀನು ತುರುಪು ಮಾಡಿಕೊಂಡು 11 ಟ್ರಿಕ್ಕು ಹೊಡೀತೀವಿ ಅಂತ ಒಪ್ಪಂದ. ಆಗಲ್ಲ ಬಿಡಿ ಅನ್ನಿಸಿದರೆ ನೀವು ‘ಡಬಲ್’ ಅನ್ನಬಹುದು. ಅವರು ಸೋತರೆ ದಂಡ ಹೆಚ್ಚು, ಗೆದ್ದರೆ ಅವರ ಅಂಕವೂ ಹೆಚ್ಚು.

ಕರಾವಳಿ ಕಡೆಯವರಿಗೆ, ಅವರ ಜೊತೆ ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಇದು ಇಪ್ಪತ್ತೆಂಟರಿಂದಲೇ ಗೊತ್ತು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1, ಒಟ್ಟು 28. ಕೂಗು 14ರಿಂದ ಶುರು, ತುರುಪು ಮಗುಚಿ ಇಟ್ಟಿರುತ್ತೆ. ಕೆಸರೆಯ ನಮ್ಮ ಬೀದಿಯಲ್ಲಿ ಭಾನುವಾರ ನಡೆಯೋದೂ ಇದೇ ಆಟ. ಅಲ್ಲಿ ಡಬಲ್ ಅನ್ನೋದು ಒಂದು ಗತ್ತು. ಮೇಜು ಗುದ್ದಿ ‘ಡಬಲ್!’ ಅಂದರೆ ಎದುರಿನವನು ಅರ್ಧ ಸೋತ ಹಾಗೆ, ‘ಹಂಗಾ? ತಗೋ ರೀಡಬಲ್’ ಅಂದರೆ ನೀವು ಅರ್ಧ ಸೋತ ಹಾಗೆ. ಈ ಗತ್ತು ಮೈಗೆ ಹತ್ತಿದವರು ಬ್ರಿಜ್‌ಗೆ ಬಂದಾಗ ಎರಡು ಬಗೆ ಆಗ್ತಾರೆ. ಕೆಲವರು ಎರಡು ಎಕ್ಕ ಕಂಡರೆ ಸಾಕು, ಡಬಲ್ ಬಡೀತಾರೆ. ಇನ್ನು ಕೆಲವರು ಒಂದು ಸಲ ಸುಟ್ಟುಕೊಂಡು ಆಮೇಲೆ ಆ ಕೆಂಪು ಕಾರ್ಡನ್ನ ಮುಟ್ಟೋದೇ ಇಲ್ಲ. ಮೂರನೇ ಬಗೆಯವರು ಕೋಹೆನ್ ಓದ್ತಾರೆ.

ಪುಸ್ತಕದ ಹೆಸರು ‘ಟು ಬಿಡ್ ಆರ್ ನಾಟ್ ಟು ಬಿಡ್’, ಬಂದದ್ದು 1992ರಲ್ಲಿ. ಅದರೊಳಗಿನ ನಿಯಮ ಕೋಹೆನ್ ಅವರ ಸ್ವಂತದ್ದಲ್ಲ. ಫ್ರಾನ್ಸಿನ ಝಾನ್-ರೆನೆ ವೆರ್ನ್ ಅದನ್ನು 1969ರಲ್ಲಿ ‘ದಿ ಬ್ರಿಜ್ ವರ್ಲ್ಡ್’ ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ಜೋಡಿ ತನ್ನ ತುರುಪಿನಲ್ಲಿ ಹೊಡೆಯೋ ಟ್ರಿಕ್ಕು, ಅವರ ಜೋಡಿ ತನ್ನ ತುರುಪಿನಲ್ಲಿ ಹೊಡೆಯೋ ಟ್ರಿಕ್ಕು, ಎರಡನ್ನೂ ಕೂಡಿದರೆ ಬರೋ ಸಂಖ್ಯೆ ಎರಡೂ ಕಡೆಯ ತುರುಪಿನ ಎಲೆಗಳ ಮೊತ್ತಕ್ಕೆ ಹೆಚ್ಚುಕಮ್ಮಿ ಸಮ. ಕೇಳೋಕೆ ಮಾಯ ಅನ್ನಿಸುತ್ತೆ. ಸರಾಸರಿ ತೆಗೆದರೆ ನಿಜವೂ ಹೌದು.

ಲೆಕ್ಕ ಮಾಡಿ ನೋಡೋಣ. ನಮಗೆ ಇಸ್ಪೀಟು, ಅವರಿಗೆ ಆಟೀನು. ನಾವು ವಲ್ನರಬಲ್, ಅಂದರೆ ನಮ್ಮ ಸೋಲು ಗೆಲುವು ಎರಡಕ್ಕೂ ರೇಟು ಜಾಸ್ತಿ ಇರೋ ಸರದಿ. ಅವರು ಅಲ್ಲ. ತುರುಪುಗಳ ಮೊತ್ತ 18 ಅಂತಿಟ್ಟುಕೊಳ್ಳಿ. ನಮಗೆ 10 ಟ್ರಿಕ್ಕು ಇದ್ದರೆ ಅವರಿಗೆ 8, ಐದು ಆಟೀನು ಮೂರು ಕಮ್ಮಿ, ಡಬಲ್‌ಗೆ 500. ನಮಗೆ 11 ಇದ್ದರೆ ಅವರಿಗೆ 7, ಡಬಲ್‌ಗೆ 800. ನಾವೇ ಐದು ಇಸ್ಪೀಟು ಆಡಿ ಗೆದ್ದರೂ 650 ಮಾತ್ರ. ನಮಗೆ 9 ಅಂದರೂ ಡಬಲ್‌ಗೆ 300. ಹೇಗೆ ನೋಡಿದರೂ ಡಬಲ್ಲೇ. ಈಗ ಮೊತ್ತ 20 ಮಾಡಿ. ನಮಗೆ 11, ಅವರಿಗೆ 9 ಆದರೆ ಡಬಲ್ ಕೊಡೋದು 300, ಐದು ಇಸ್ಪೀಟು ಕೊಡೋದು 650. ನಮಗೆ 9, ಅವರಿಗೆ 11 ಆದರೆ ಡಬಲ್ ಮಾಡಿದ ಐದು ಆಟೀನು ಗೆದ್ದೇಬಿಡುತ್ತೆ, ಅವರಿಗೆ 650.

18ಕ್ಕೂ 20ಕ್ಕೂ ನಡುವೆ ಇರೋದು ಎರಡು ಎಲೆ. ನನ್ನ ತಕರಾರು ಇರೋದೂ ಈ ಎರಡು ಎಲೆಯ ಮೇಲೇ. ಆ ಎರಡು ಎಲೆ ಎಲ್ಲಿವೆ ಅಂತ ಟೇಬಲ್ಲಿನಲ್ಲಿ ಕೂತವನಿಗೆ ಗೊತ್ತಿರಲ್ಲ. ನನ್ನ ಕೈಯಲ್ಲಿ ಆಟೀನು ಒಂದು. ಜೊತೆಗಾರನ ಹತ್ತಿರ ಎರಡಿದ್ದರೆ ಅವರ ಹತ್ತಿರ 10, ಮೂರಿದ್ದರೆ 9. ಅದು ಗೊತ್ತಿರೋದು ಜೊತೆಗಾರನಿಗೆ. ಅವನ ನಾಲ್ಕು ಇಸ್ಪೀಟಿಗೆ ನನ್ನ ಹತ್ತಿರ ಐದಿವೆಯೋ ಆರೋ ಅನ್ನೋದು ನನಗೆ ಮಾತ್ರ ಗೊತ್ತು. ಒಬ್ಬನೇ ಕೂತು ಕೂಡಿಸೋ ಲೆಕ್ಕದ ಹಾಗೆ ನಿಯಮ ಕಾಣುತ್ತೆ, ಇನ್‌ಪುಟ್ ಮಾತ್ರ ಇಬ್ಬರ ಕೈಯಲ್ಲಿ ಹಂಚಿಹೋಗಿದೆ. ಕೋಹೆನ್‌ಗೆ ಇದು ಗೊತ್ತಿಲ್ಲ ಅಂತಲ್ಲ. ಎದುರಾಳಿಗಳ ಬಣ್ಣದಲ್ಲಿ ರಾಣಿ ಗುಲಾಮರಂಥ ಸಣ್ಣ ದೊಡ್ಡೆಲೆಗಳು ಕೂತಿದ್ದರೆ ಮೊತ್ತ ಇಳಿಸಿ, ಎರಡು ಬಣ್ಣದಲ್ಲಿ ಜೋಡಿ ಕೂಡಿದ್ದರೆ ಏರಿಸಿ ಅಂತ ಅವರೇ ತಿದ್ದುಪಡಿ ಕೊಡ್ತಾರೆ. ಓದುಗರ ತಲೆಯಲ್ಲಿ ಉಳಿಯೋದು ತಿದ್ದುಪಡಿ ಅಲ್ಲ, ಸಂಖ್ಯೆ.

2004ರಲ್ಲಿ ಮೈಕ್ ಲಾರೆನ್ಸ್ ಮತ್ತು ಆಂಡರ್ಸ್ ವಿರ್ಗ್ರೆನ್ ಸೇರಿ ‘ಐ ಫಾಟ್ ದಿ ಲಾ ಆಫ್ ಟೋಟಲ್ ಟ್ರಿಕ್ಸ್’ ಅಂತ ಒಂದು ಪುಸ್ತಕ ಬರೆದರು. ಕೋಹೆನ್‌ಗೆ ನೇರ ಜವಾಬು. ಸರಾಸರಿ ಸರಿ ಇರಬಹುದು ಸ್ವಾಮಿ, ಒಂದೊಂದೇ ಹಂಚಿಕೆ ನೋಡಿದರೆ ನಿಮ್ಮ ನಿಯಮ ಪದೇಪದೇ ಒಂದು ಟ್ರಿಕ್ಕು ಆಚೀಚೆ ಹೋಗುತ್ತಲ್ಲಾ ಅನ್ನೋದು ಅವರ ವಾದ. ತುರುಪಿನ ಉದ್ದ ಬಿಡಿ, ನಿಮ್ಮ ಜೋಡಿಯ ಗಿಡ್ಡ ಬಣ್ಣಗಳನ್ನ ನೋಡಿ, ಕೆಲಸಕ್ಕೆ ಬರೋ ಪಾಯಿಂಟುಗಳನ್ನ ನೋಡಿ ಅಂತಾರೆ. ವಾದ ಗಟ್ಟಿಯಾಗಿದೆ. ಐದನೇ ಹಂತದಲ್ಲಿ ಒಂದು ಟ್ರಿಕ್ಕು ಆಚೀಚೆ ಅಂದರೆ ಗೆಲುವಿಗೂ ಸೋಲಿಗೂ ಇರೋ ಇಡೀ ಅಂತರ. ಆದರೆ ಅವರು ಮಾಡಿದ್ದೇನು? ಒಂದು ಫಾರ್ಮುಲಾ ತೆಗೆದು ಇನ್ನೊಂದು ಇಟ್ಟರು. ಹೊಸ ಲೆಕ್ಕಕ್ಕೂ ಜೊತೆಗಾರನ ಗಿಡ್ಡ ಬಣ್ಣ ಗೊತ್ತಿರಬೇಕು!

ಈ ಟ್ರಿಕ್ಕಿನ ಜಗಳದಲ್ಲಿ ಹಿಂದೆ ಬೀಳೋ ವಿಷಯ ಡಬಲ್‌ನ ಬೆಲೆ. ಕೆಳಹಂತದಲ್ಲಿ ಜನ ಡಬಲ್‌ಗೆ ಹೆದರೋದರಲ್ಲಿ ಅರ್ಥ ಇದೆ. ಎರಡು ಆಟೀನು ಸುಮ್ಮನೆ ಗೆದ್ದರೆ 110, ಡಬಲ್ ಆಗಿ ಗೆದ್ದರೆ 470. ನೀವೇ ಕೈಯಾರೆ ಗೇಮ್ ಕೊಟ್ಟ ಹಾಗೆ. ಅದೇ ಹೆದರಿಕೆ ಹೊತ್ತುಕೊಂಡು ಐದನೇ ಹಂತಕ್ಕೆ ಬರ್ತಾರೆ ನೋಡಿ, ಅದು ತಪ್ಪು. ಅಲ್ಲಿ ಗೇಮ್ ಹೇಗೂ ಅವರದ್ದೇ ಆಗಿರುತ್ತೆ. ಸುಮ್ಮನೆ ಗೆದ್ದರೆ 450, ಡಬಲ್‌ಗೆ 650.

ಟೀಮ್ ಪಂದ್ಯದಲ್ಲಿ ಒಂದೇ ಹಂಚಿಕೆಯನ್ನ ಎರಡು ಟೇಬಲ್ಲಿನಲ್ಲಿ ಆಡಿಸ್ತಾರೆ, ವ್ಯತ್ಯಾಸವನ್ನ ಐಎಂಪಿ ಅನ್ನೋ ಅಂಕಕ್ಕೆ ಇಳಿಸ್ತಾರೆ. ಆ ಟೇಬಲ್ಲಿನಲ್ಲಿ ನಮ್ಮ ಕಡೆಯ ಎಲೆ ಹಿಡಿದವರು ನಾಲ್ಕು ಇಸ್ಪೀಟು ಆಡಿ 620 ಮಾಡಿದ್ದಾರೆ ಅಂತಿಟ್ಟುಕೊಳ್ಳಿ. ಇಲ್ಲಿ ಐದು ಆಟೀನು ಒಂದು ಕಮ್ಮಿ ಆದರೆ ಪಾಸ್ ಮಾಡಿದರೂ 11 ಐಎಂಪಿ ನಷ್ಟ, ಡಬಲ್ ಮಾಡಿದರೂ 11. ಎರಡು ಕಮ್ಮಿ ಆದರೆ 11ರ ನಷ್ಟ 8ಕ್ಕೆ ಇಳಿಯುತ್ತೆ. ಮೂರು ಕಮ್ಮಿ ಆದರೆ 10ರಿಂದ 3ಕ್ಕೆ. ಐದು ಆಟೀನು ಗೆದ್ದೇಬಿಟ್ಟರೆ? 14ರ ನಷ್ಟ 15 ಆಗುತ್ತೆ. ಒಂದೇ ಒಂದು ಐಎಂಪಿ. ಒಂದರ ರಿಸ್ಕಿಗೆ ಮೂರು, ಏಳು ಸಿಗೋ ಕಡೆ ಹೆದರಿ ಪಾಸ್ ಅನ್ನೋದು ಶುದ್ಧ ಲುಕ್ಸಾನು. ಹಾಗಂತ ಕಣ್ಣು ಮುಚ್ಚಿ ಡಬಲ್ ಮಾಡಿ ಅಂತಲೂ ಅಲ್ಲ. ಆ ಟೇಬಲ್ಲಿನಲ್ಲೂ ಐದು ಆಟೀನೇ ಆಡಿದ್ದು, ಅದೂ ಡಬಲ್ ಇಲ್ಲದೆ ಅಂದರೆ ಲೆಕ್ಕ ತಿರುಗುತ್ತೆ. ಒಂದು ಕಮ್ಮಿಗೆ ನಮಗೆ ಬರೋದು 2, ಗೆದ್ದರೆ ಹೋಗೋದು 5. ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ನನ್ನ ಹತ್ತಿರ ಎಷ್ಟು ಟ್ರಿಕ್ಕಿದೆ’ ಅನ್ನೋದಲ್ಲ. ಈ ಹಂಚಿಕೆ ಯಾರದ್ದು? ಗೇಮ್ ಮಾಡೋ ಬಲ ನಮ್ಮದಾಗಿತ್ತಾ, ಅವರು ಅದನ್ನ ತಪ್ಪಿಸೋಕೆ ಬಂದವರಾ?

(ದಂಡದ ರೇಟು ತೀರಾ ಕಮ್ಮಿ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಹಳೇ ಕತೆ ಇದೆ. ವಲ್ನರಬಲ್ ಏಳು ಇಸ್ಪೀಟಿಗೆ 2210. ವಲ್ನರಬಲ್ ಅಲ್ಲದವರು ಡಬಲ್ ಆಗಿ 11 ಟ್ರಿಕ್ಕು ಕಮ್ಮಿ ಸೋತರೂ ಹಳೇ ರೇಟಿನಲ್ಲಿ ದಂಡ 2100! 1987ರಲ್ಲಿ ನಿಯಮ ಬದಲಿಸಿ ನಾಲ್ಕನೇ ಟ್ರಿಕ್ಕಿನಿಂದ ತಲಾ 300 ಮಾಡಿದರು. ಈಗ ಅದೇ ಸೋಲಿಗೆ 2900.)

ಒಂದು ಕೈ ನೋಡೋಣ. ಇಸ್ಪೀಟು ಎಕ್ಕ, ರಾಣಿ, ಗುಲಾಮ, 8, 4. ಆಟೀನು 7, 2. ಡೈಮಂಡ್ ರಾಜ, ಗುಲಾಮ, 6. ಕಳಾವರ್ ಎಕ್ಕ, 9, 5. ನೀವು ಒಂದು ಇಸ್ಪೀಟು ಅಂದಿರಿ, ಎಡಗಡೆಯವರು ಎರಡು ಆಟೀನು, ಜೊತೆಗಾರ ಮೂರು ಆಟೀನು ಅಂತ ಹೇಳಿ ‘ನನಗೆ ಇಸ್ಪೀಟು ನಾಲ್ಕಿದೆ, ಕೈಯೂ ಚೆನ್ನಾಗಿದೆ’ ಅಂತ ತಿಳಿಸಿದ. ಬಲಗಡೆಯವರು ಐದು ಆಟೀನು. ಇಲ್ಲಿ ಡಬಲ್. ಆಟೀನಿನಲ್ಲಿ ಎರಡು ಸೋಲು ಕಣ್ಣೆದುರಿಗೇ ಇದೆ, ಮುಂದೆ ಹೋಗಬೇಡ ಅಂತ ಜೊತೆಗಾರನಿಗೆ ಹೇಳಬೇಕು. ಈಗ ಆಟೀನು 2 ತೆಗೆದು ಡೈಮಂಡ್ 3 ಇಡಿ. ಅದೇ 15 ಪಾಯಿಂಟು, ಬದಲಾಗಿದ್ದು ಒಂದು ಸಣ್ಣ ಎಲೆ. ಈಗ ಪಾಸ್.

ಪಾಸ್ ಯಾಕೆ? ಹಂಚಿಕೆ ನಮ್ಮದು ಅಂತ ಇಬ್ಬರೂ ಒಪ್ಪಿರುವಾಗ ಎದುರಾಳಿಗಳು ಡಬಲ್ ಇಲ್ಲದೆ ಪಾರಾಗೋ ಹಾಗಿಲ್ಲ ಅನ್ನೋದು ಜೋಡಿಗಳ ನಡುವಿನ ಕರಾರು. ಇದಕ್ಕೆ ಫೋರ್ಸಿಂಗ್ ಪಾಸ್ ಅಂತಾರೆ. ನಾನು ಪಾಸ್ ಅಂದರೆ ‘ನನಗೆ ಆಟೀನು ಗಿಡ್ಡ ಇದೆ, ಮುಂದೆ ಹೋಗೋ ಮನಸ್ಸೂ ಇದೆ, ನೀವು ಹೇಳಿ’. ಜೊತೆಗಾರನ ಆಟೀನಿನಲ್ಲಿ ರಾಜನೋ ರಾಣಿಯೋ ಇದ್ದರೆ ಅದು ಇಸ್ಪೀಟು ಆಡೋದಕ್ಕೆ ದಂಡ, ಅವನು ಡಬಲ್ ಅಂತಾನೆ. ಮೂರು ಸಣ್ಣ ಆಟೀನಿದ್ದು ಬಲವೆಲ್ಲಾ ಹೊರಗಿನ ಬಣ್ಣಗಳಲ್ಲಿ ಇದ್ದರೆ ಐದು ಇಸ್ಪೀಟು ಅಂತಾನೆ. ಕೋಹೆನ್ ಕೇಳಿದ 18ಾ 20ಾ ಅನ್ನೋ ಪ್ರಶ್ನೆಗೆ ಉತ್ತರ ಸಿಗೋದು ಹೀಗೆ, ಎರಡೂ ತಲೆ ಸೇರಿ. ನನ್ನ ಮಟ್ಟಿಗೆ ಹೇಳೋದಾದರೆ ಕೋಹೆನ್, ಲಾರೆನ್ಸ್ ಇಬ್ಬರನ್ನೂ ಓದಬೇಕಾದ್ದು ಈ ಪಾಸ್ ಗೊತ್ತಾದ ಮೇಲೆ.

ಇದಕ್ಕೆ ಶತ್ರು ನಮ್ಮ ಇಪ್ಪತ್ತೆಂಟಿನ ಗತ್ತು, ಮತ್ತೆ ಗಡಿಯಾರ. ಹತ್ತು ಸೆಕೆಂಡು ಸೂರು ನೋಡಿ, ನಿಟ್ಟುಸಿರು ಬಿಟ್ಟು ಇಟ್ಟ ಡಬಲ್‌ಗೂ ತಟ್ಟನೆ ಇಟ್ಟ ಡಬಲ್‌ಗೂ ಇರೋ ವ್ಯತ್ಯಾಸ ಜೊತೆಗಾರನಿಗೆ ಗೊತ್ತಾಗೇ ಆಗುತ್ತೆ. ಗೊತ್ತಾದರೂ ಅದನ್ನ ಬಳಸೋ ಹಾಗಿಲ್ಲ, ಬ್ರಿಜ್ ಕಾನೂನು ಅದನ್ನ ಒಪ್ಪಲ್ಲ. ನಿಧಾನದ ಡಬಲ್ ಕಂಡು ಐದು ಇಸ್ಪೀಟಿಗೆ ಓಡಿದವನ ಮೇಲೆ ಎದುರಾಳಿಗಳು ದೂರು ಕೊಡಬಹುದು. ಡಬಲ್ ಕಾರ್ಡು ಕೆಂಪು, ಪಾಸ್ ಕಾರ್ಡು ಹಸಿರು. ಮಾತಾಡೋಕೆ ಇರೋ ಪದ ಅಷ್ಟೇ. ಇಪ್ಪತ್ತೆಂಟರಲ್ಲಿ ಮೇಜು ಗುದ್ದಿ ಹೇಳೋದನ್ನ ಇಲ್ಲಿ ಮೊದಲೇ ಕೂತು ಮಾತಾಡಿ ಇಟ್ಟುಕೊಂಡಿರಬೇಕು.

ಮೂರನೆಯ ಪುಸ್ತಕ ಒಂದಿದೆ, ಈ ಎರಡಕ್ಕಿಂತ ಎಷ್ಟೋ ಹಳೇದು. ಎಸ್. ಜೆ. ಸೈಮನ್ 1945ರಲ್ಲಿ ಬರೆದ ‘ವೈ ಯೂ ಲೂಸ್ ಅಟ್ ಬ್ರಿಜ್’. ಬಿಡ್ಡಿಂಗ್ ವಿಷಯದಲ್ಲಿ ಇವತ್ತಿಗೆ ತುಂಬಾ ಹಳತಾಗಿದೆ. ಆದರೆ ಅದರಲ್ಲಿ ಬರೋ ನಾಲ್ಕು ಜನ ಇವತ್ತೂ ಎಲ್ಲಾ ಟೇಬಲ್ಲಿನಲ್ಲೂ ಕೂತಿದ್ದಾರೆ. ಏನೂ ಬಾರದ ಮಿಸೆಸ್ ಗುಗ್ಗೆನ್‌ಹೈಮ್, ತನ್ನ ಬಗ್ಗೆ ತಾನೇ ಮೆಚ್ಚಿಕೊಳ್ಳೋ ಮಿಸ್ಟರ್ ಸ್ಮಗ್, ಥಿಯರಿ ತುಂಬಿಕೊಂಡ ಫ್ಯೂಟೈಲ್ ವಿಲ್ಲಿ, ಎಲ್ಲಾ ಬಲ್ಲ ಆದರೂ ಸೋಲೋ ಅನ್‌ಲಕ್ಕಿ ಎಕ್ಸ್‌ಪರ್ಟ್. ಈ ಎಕ್ಸ್‌ಪರ್ಟ್ ಸೋಲೋದು ಅದೃಷ್ಟ ಕೆಟ್ಟು ಅಲ್ಲ. ಮಿಸೆಸ್ ಗುಗ್ಗೆನ್‌ಹೈಮ್ ಎದುರು ಕೂತಿದ್ದರೂ ಚಾಂಪಿಯನ್ ಕೂತ ಹಾಗೆ ಆಡ್ತಾನೆ. ಫೋರ್ಸಿಂಗ್ ಪಾಸ್ ಎಷ್ಟೇ ಚೆಂದ ಇದ್ದರೂ ಎದುರಿಗಿರೋರಿಗೆ ಅದು ಬರೀ ಪಾಸ್ ಅಂತ ಕೇಳಿಸಿದರೆ ಐದು ಆಟೀನು ಡಬಲ್ ಇಲ್ಲದೆ ಹೋಗುತ್ತೆ. ಅವರ ಜೊತೆ ಕೂತಾಗ ಒಂದೇ ಆಟೀನಿರೋ ಆ ಎರಡನೇ ಕೈಯಲ್ಲೂ ನೀವೇ ಡಬಲ್ ಅಂದು 300 ತಗೊಂಡು ಸುಮ್ಮನಾಗಿ. ಕೋಹೆನ್ ಆಗಲಿ ಲಾರೆನ್ಸ್ ಆಗಲಿ ಈ ಅಂಶವನ್ನ ಫಾರ್ಮುಲಾ ಒಳಗೆ ತರೋಕೆ ಆಗಿಲ್ಲ.

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಪುರುಷರ ಜೋಡಿ ವಿಭಾಗದ ಚಿನ್ನ ಭಾರತಕ್ಕೆ ಬಂತು. ಗೆದ್ದ ಪ್ರಣಬ್ ಬರ್ಧನ್ ಅವರಿಗೆ ಆಗ 60 ವರ್ಷ, ಶಿಬ್‌ನಾಥ್ ಸರ್ಕಾರ್ ಅವರಿಗೆ 56. ಅರವತ್ತರ ಅಜ್ಜನಿಗೆ ಚಿನ್ನವಂತೆ ಅಂತ ನಮ್ಮ ಆಫೀಸಿನಲ್ಲಿ ಎರಡು ದಿನ ನಕ್ಕರು. ಆ ಪದಕ ಕೊಟ್ಟಿದ್ದು ಒಂದು ಜೋಡಿಗೆ ಅನ್ನೋದು ಯಾರ ಗಮನಕ್ಕೂ ಬರಲಿಲ್ಲ.

ಕೆಸರೆಯಲ್ಲಿ ನನ್ನ ಜೊತೆಗಾರರು ಬ್ಯಾಂಕಿನಿಂದ ರಿಟೈರ್ ಆದವರು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಕೋಹೆನ್ ಪುಸ್ತಕ ಕೊಟ್ಟಾಗ ನಾಲ್ಕು ಪುಟ ತಿರುವಿ, ‘ಲೆಕ್ಕ ಚೆನ್ನಾಗಿದೆ ಕಣಯ್ಯ, ಮೊದಲು ನೀನು ಪಾಸ್ ಅಂದ್ರೆ ನಾನು ಏನಂದುಕೊಳ್ಳಬೇಕು ಹೇಳು’ ಅಂದರು. ಆವತ್ತು ಒಂದು ನೋಟ್‌ಬುಕ್ಕು ಶುರು ಮಾಡಿದೆವು. ಜೊತೆಗಾರ ಎದುರಾಳಿಗಳ ಬಣ್ಣ ಹೇಳಿ ಬಲ ತೋರಿಸಿದ್ದರೆ ಪಾಸ್ ಫೋರ್ಸಿಂಗ್. ಅವನು ನೇರ ನಾಲ್ಕು ಇಸ್ಪೀಟಿಗೆ ಹಾರಿದ್ದರೆ ಅಲ್ಲ, ಅದು ಬಲ ಇಲ್ಲದೆ ಬರೀ ಉದ್ದದ ಮೇಲೆ ಹಾರಿದ್ದೂ ಇರಬಹುದು. ನಾನು ಎರಡು ಕಳಾವರ್ ಅಂತ ಶುರು ಮಾಡಿದ್ದರೆ ಏನೇ ಆಗಲಿ ಫೋರ್ಸಿಂಗ್. ನಾವು ವಲ್ನರಬಲ್, ಅವರು ಅಲ್ಲ, ಇಬ್ಬರೂ ಹಾರಿ ಹಾರಿ ಗೇಮಿಗೆ ಬಂದಿದ್ದೀವಿ, ಯಾರ ಬಲ ಎಷ್ಟು ಅಂತ ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ ಅನ್ನೋ ಸಾಲಿನ ಮುಂದೆ ಮಾತ್ರ ಇನ್ನೂ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇದೆ. ಅವರು ಡಬಲ್ ಅಂತಾರೆ, ನಾನು ಪಾಸ್ ಅಂತೀನಿ.