ವಾಷಿಂಗ್ ಮಷಿನ್ನಿನ ಮನೆ ದುರಸ್ತಿ: ವಿದ್ಯಾಗಿರಿಯ ನೀರಿನ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ವಾಷಿಂಗ್ ಮಷಿನ್ ಕೈಕೊಟ್ಟಾಗ ಮನೆಯವರೇ ದೋಷ ಹುಡುಕಿ ಸರಿಪಡಿಸಿಕೊಳ್ಳುವ ರೂಢಿಯನ್ನು ಬಾಗಲಕೋಟೆಯ ವಿದ್ಯಾಗಿರಿಯಂಥ ಬಡಾವಣೆಯಲ್ಲಿಟ್ಟು ನೋಡಿದರೆ ಅದರ ಬಲವೂ ಕೊರತೆಯೂ ಸ್ಪಷ್ಟವಾಗುತ್ತವೆ. 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ಆಸುಪಾಸಿನ ಈ ಭಾಗದಲ್ಲಿ ಸ್ವಂತ ಮನೆಗಳ ಜೊತೆಗೆ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳೂ ಇದ್ದು, ನಳದ ನೀರು ಸಾಲದಿದ್ದಾಗ ಬೋರ್‌ವೆಲ್ ನೀರೇ ಮಷಿನ್ನಿಗೆ ಹೋಗುತ್ತದೆ. ಯಂತ್ರದ ತೊಂದರೆಗಳಲ್ಲಿ ಹಲವು ಹುಟ್ಟುವುದು ಈ ನೀರಿನಿಂದ; ಮನೆ ದುರಸ್ತಿ ಹಲವು ಸಲ ಎಡವುವುದೂ ಇದನ್ನು ಮರೆತಾಗ.

ಬಾಗಲಕೋಟೆಯ ನೆಲದಡಿ ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು ಮತ್ತು ಡಾಲೊಮೈಟ್ ಹರಡಿಕೊಂಡಿವೆ. ಸಿಮೆಂಟಿಗೆ ಒದಗುವ ಇದೇ ಕಲ್ಲಿನ ಸಂದಿಯಲ್ಲಿ ಇಳಿಯುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ, ಅಂದರೆ ಸಾಬೂನು ಸುಲಭವಾಗಿ ನೊರೆ ಬಿಡದ ನೀರಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿಯನ್ನೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ವಿನಾಯಿತಿಯನ್ನೂ ಹೇಳುತ್ತದೆ. ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಬೇರೆ ಜಾತಿಯ ಕಲ್ಲುಗಳಾಗಿದ್ದು ಅಲ್ಲಿನ ನೀರಿನ ಗುಣವೂ ಬೇರೆಯಾಗುವುದರಿಂದ, ಒಂದೇ ಜಿಲ್ಲೆಯೊಳಗೂ ಒಬ್ಬರ ಅನುಭವದ ಸಲಹೆ ಇನ್ನೊಬ್ಬರ ಮನೆಗೆ ಹಾಗೆಯೇ ಒಪ್ಪುವುದಿಲ್ಲ.

ನೀರು ತುಂಬಲು ತಡವಾಗಿ ಮಷಿನ್ ಎಚ್ಚರಿಕೆಯ ಸದ್ದು ಮಾಡುವುದು ಅತಿ ಸಾಮಾನ್ಯ ದೂರು. ನೀರನ್ನು ಒಳಬಿಡುವ ವಾಲ್ವಿನ ಬಾಯಲ್ಲಿ ಬೆರಳ ತುದಿಯಷ್ಟು ಅಗಲದ ಜಾಲರಿಯೊಂದಿದ್ದು, ಟ್ಯಾಂಕಿನ ತಳದ ಕೆಸರೂ ಪೈಪಿನಿಂದ ಕಳಚಿದ ಸುಣ್ಣದ ಚೂರುಗಳೂ ಅದರ ಮೇಲೆ ಬೂದುಬಣ್ಣದ ಪದರವಾಗಿ ಕೂಡುತ್ತವೆ. ಪ್ಲಗ್ ಕಿತ್ತು, ನಳ ಮುಚ್ಚಿ, ಪೈಪಿನ ತಿರುಪನ್ನು ಬಿಚ್ಚಿ, ಜಾಲರಿಯನ್ನು ಇಕ್ಕಳದಿಂದ ಮೆಲ್ಲಗೆ ಎಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಅನೇಕ ಸಲ ಅಲ್ಲಿಗೇ ತೊಂದರೆ ಮುಗಿಯುತ್ತದೆ. ಮನೆ ದುರಸ್ತಿಯ ನಿಜವಾದ ಸಾರ್ಥಕತೆ ಇಂಥ ಕೆಲಸದಲ್ಲಿದೆ. ಜಾಲರಿ ಶುಚಿಯಾದ ಮೇಲೂ ನೀರು ನಿಧಾನವಾಗಿಯೇ ಬಂದರೆ ಮಾತ್ರ ಲೆಕ್ಕ ಬೇರೆ: ಹಲವು ಮಷಿನ್‌ಗಳು ಕೇಳುವ ಕನಿಷ್ಠ ಒತ್ತಡ ಸುಮಾರು 0.3 ಬಾರ್, ಎಂದರೆ ವಾಲ್ವಿನಿಂದ ಮೂರು ಮೀಟರ್ ಮೇಲೆ ನೀರು ನಿಂತಿರಬೇಕು. ಒಂದೇ ಅಂತಸ್ತಿನ ಮನೆಯ ಮಾಳಿಗೆಯ ಮೇಲೆ ನೇರವಾಗಿ ಕೂರಿಸಿದ ಟ್ಯಾಂಕು ಅನೇಕ ಸಲ ಅಷ್ಟನ್ನು ಕೊಡಲಾರದು. ಅಲ್ಲಿ ವಾಲ್ವ್ ಬದಲಿಸುವುದು ದುಡ್ಡು ದಂಡ. ಟ್ಯಾಂಕಿಗೆ ಎತ್ತರದ ಕಟ್ಟೆ ಕಟ್ಟುವುದು ಸರಿಯಾದ ದುರಸ್ತಿ.

ಗಡಸು ನೀರಿನಲ್ಲಿ ಕೊಳೆ ಬಿಡಲಿಲ್ಲವೆಂದು ಪೌಡರನ್ನು ಎರಡು ಪಟ್ಟು ಸುರಿಯುವ ಅಭ್ಯಾಸವನ್ನು ಒಪ್ಪಲಾಗದು. ಕರಗದ ಪೌಡರು ಡ್ರಮ್ಮಿನ ಹಿಂಬದಿಯಲ್ಲಿ ಜಿಡ್ಡಾಗಿ ಅಂಟಿ ದುರ್ವಾಸನೆಗೆ ದಾರಿ ಮಾಡುತ್ತದೆ. ನೀರು ಕಾಯಿಸುವ ಮಷಿನ್ನಿನಲ್ಲಿ ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೋನೇಟ್ ಲವಣ ಒಡೆದು ಹೀಟರಿನ ಮೇಲೆ ಬಿಳಿ ಸುಣ್ಣದ ಪೊರೆ ಕಟ್ಟುತ್ತದೆ. ಬಟ್ಟೆಯಿಲ್ಲದ ಡ್ರಮ್ಮಿಗೆ ಸ್ವಲ್ಪ ಸಿಟ್ರಿಕ್ ಆಮ್ಲ, ಅಂದರೆ ಲಿಂಬೆಯ ಹುಳಿಗೆ ಕಾರಣವಾದ ಆಮ್ಲವನ್ನು ಹಾಕಿ ಬಿಸಿನೀರಿನಲ್ಲಿ ಓಡಿಸುವ ಕ್ರಮ ಇದಕ್ಕೆ ಯುಕ್ತವೇ. ಆದರೆ ಅದರೊಡನೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ನೀರು ಹೊರಹೋಗದಿದ್ದರೆ ಪಂಪಿನ ಫಿಲ್ಟರಿನಲ್ಲಿ ಸಿಕ್ಕ ಗುಂಡಿ, ನಾಣ್ಯ ತೆಗೆಯುವುದು, ಅದುರಿದರೆ ಕಾಲುಗಳ ಮಟ್ಟ ಸರಿಪಡಿಸುವುದು ಯಾರಿಗೂ ಕಷ್ಟವಲ್ಲ.

ರೂಢಿ ಅಪಾಯದ ಕಡೆ ಹೊರಳುವುದು ಹಿಂಬದಿಯ ಮುಚ್ಚಳ ತೆಗೆದಾಗ. ಅರೆ-ಸ್ವಯಂಚಾಲಿತ ಮಷಿನ್ನಿನ ಮೋಟಾರು ತಿರುಗದೆ ಗುಂಯ್‌ಗುಟ್ಟಿದರೆ, ಅದಕ್ಕೆ ಆರಂಭದ ನೂಕು ಕೊಡುವ ಕೆಪಾಸಿಟರ್ ಕೆಟ್ಟಿರಬಹುದೆಂಬ ಊಹೆ ಬಹುಮಟ್ಟಿಗೆ ಸರಿ. ಆದರೆ ಆ ಬಿಡಿಭಾಗ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವುದರಿಂದ, ತಿಳಿಯದೆ ಮುಟ್ಟಿದವರಿಗೆ ಬಲವಾದ ಶಾಕ್ ಹೊಡೆಯುತ್ತದೆ. ಅಗ್ಗದ ಬಿಡಿಭಾಗವೆಂಬ ಕಾರಣಕ್ಕೆ ಅದನ್ನು ಸುಲಭದ ಕೆಲಸವೆಂದು ಹೇಳಿಕೊಡುವುದು ಹೊಣೆಗೇಡಿತನ.

ಮಷಿನ್ನಿನ ಮೈ ಮುಟ್ಟಿದಾಗ ಕೈ ಜುಮ್ಮೆಂದರೆ ಅದು ದುರಸ್ತಿಯ ವಿಷಯವೇ ಅಲ್ಲ, ತಕ್ಷಣ ಮೇನ್ ಸ್ವಿಚ್ ಆರಿಸಬೇಕಾದ ಸಂದರ್ಭ. ಅರ್ಥಿಂಗ್, ಎಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ತಂತಿ, ಕಡಿದಿರಬಹುದು ಅಥವಾ ಇಲ್ಲದೆಯೇ ಇರಬಹುದು. ಬಾಡಿಗೆಗಿರುವವರು ಜಾಲರಿ ತೊಳೆದುಕೊಳ್ಳಬಲ್ಲರೇ ಹೊರತು ಗೋಡೆಯೊಳಗಿನ ತಂತಿಯನ್ನು ಸರಿಪಡಿಸಲಾರರು. ಆದ್ದರಿಂದ ಮಷಿನ್ನಿಗೆ ಜಾಗ ತೋರಿಸುವ ಮೊದಲು ಮನೆ ಮಾಲೀಕರು ಲೈಸೆನ್ಸ್ ಹೊಂದಿದ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಆ ಪಾಯಿಂಟಿನ ಅರ್ಥಿಂಗ್ ಪರೀಕ್ಷಿಸಿಕೊಡಬೇಕು.