ಹಂಪಿ ಹೋದ ಮೇಲೆ ಬಳ್ಳಾರಿಗೆ ಉಳಿದದ್ದು

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಬಳ್ಳಾರಿಯಲ್ಲಿ ಹೆಚ್ಚು ಕೇಳಿಬಂದ ಕೊರಗು ಹಂಪಿಯದು. 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ತಾಣ ಕೈಬಿಟ್ಟು ಹೋಯಿತಲ್ಲ, ಇನ್ನು ನಮಗೇನು ಉಳಿಯಿತು ಎಂಬ ಮಾತು. ಆ ಕೊರಗು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಂಪಿ ಜಿಲ್ಲೆಯೊಳಗಿದ್ದಷ್ಟು ಕಾಲ ಸಿರುಗುಪ್ಪ, ಕುರುಗೋಡು, ಸಂಗನಕಲ್ಲುಗಳತ್ತ ಯಾರೂ ಸರಿಯಾಗಿ ತಿರುಗಿ ನೋಡಲಿಲ್ಲ. ಉತ್ಸವ, ಅನುದಾನ, ಗೈಡುಗಳು, ಪುಸ್ತಕಗಳು ಎಲ್ಲವೂ ಅತ್ತಲೇ ಹರಿದವು. ಹಂಪಿ ದಾಟಿ ಹೋದ ಮೇಲಾದರೂ ಈ ಕಡೆಯದನ್ನು ಲೆಕ್ಕ ಹಾಕಿ ನೋಡಬಹುದು. ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಇಲ್ಲಿ ಉಳಿದಿರುವುದರಲ್ಲಿ ಅತ್ಯಂತ ಅಪರೂಪದ್ದು ಕಟ್ಟಡವೇ ಅಲ್ಲ. ನಮ್ಮ ಸಂರಕ್ಷಣೆಯ ಪದ್ಧತಿಗೋ ಕಟ್ಟಡ ಬಿಟ್ಟರೆ ಬೇರೇನೂ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಕಣ್ಣಿಗೆ ಬೀಳುವುದನ್ನೇ ನೋಡೋಣ. ಬಳ್ಳಾರಿ ಕೋಟೆ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಬೋಳುಬಂಡೆಯ ಗುಡ್ಡದ ಮೇಲಿನ ಕೋಟೆಯನ್ನು ವಿಜಯನಗರದ ಸಾಮಂತ ಹನುಮಪ್ಪನಾಯಕ ಕಟ್ಟಿಸಿದ. 1769ರ ಸುಮಾರಿಗೆ ಹೈದರಾಲಿ ಅದನ್ನು ಬಲಪಡಿಸಿ ಕೆಳಕೋಟೆಯನ್ನು ಸೇರಿಸಿದ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆಯೆಂದು ಹೈದರಾಲಿ ತನ್ನ ಫ್ರೆಂಚ್ ಎಂಜಿನಿಯರನ್ನು ಗಲ್ಲಿಗೇರಿಸಿದ ಎಂಬ ಕತೆ ಬಳ್ಳಾರಿಯ ಶಾಲೆ ಮಕ್ಕಳಿಗೂ ಗೊತ್ತು. ಕತೆ ನಿಜವೋ ಸುಳ್ಳೋ, ಅದು ಕೋಟೆಗೆ ದೊಡ್ಡ ಉಪಕಾರ ಮಾಡಿದೆ. ಕತೆಯಿರುವ ಗೋಡೆಯನ್ನು ಜನ ಮರೆಯುವುದಿಲ್ಲ. ಬಂಡೆಯಲ್ಲಿ ನೀರು ಹಿಡಿದಿಟ್ಟ ಮೇಲುಕೋಟೆಯ ಕೊಳಗಳನ್ನು ನೋಡಲು ಈಗಲೂ ಜನ ಬಿಸಿಲಲ್ಲಿ ಮೆಟ್ಟಿಲು ಹತ್ತುತ್ತಾರೆ. ಕೋಟೆಯ ಮಟ್ಟಿಗೆ ಇಲಾಖೆಯ ಕೆಲಸಕ್ಕೆ ಪಾಸು ಅಂಕ ಕೊಡಲು ಅಡ್ಡಿಯಿಲ್ಲ.

ಕಾಯ್ದೆ ಬಲವಾಗಿಯೇ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿ, ಸಂರಕ್ಷಿತ ಜಾಗದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವಾಯಿತು. ಹಾಳುಗೆಡವಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆಯಿದೆ. ಇಷ್ಟನ್ನೂ ಇಲಾಖೆ ನೀಲಿ ಫಲಕದಲ್ಲಿ ಬರೆಸಿ ನಿಲ್ಲಿಸುತ್ತದೆ. ಫಲಕದಲ್ಲಿ ಶಿಕ್ಷೆಯ ವಿವರ ಸಾಲುಸಾಲಾಗಿರುತ್ತದೆ. ಎದುರಿಗಿರುವುದು ಏನು, ಅದನ್ನು ಯಾಕೆ ಉಳಿಸಬೇಕು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ಓದಿದವನಿಗೆ ಜೈಲಿನ ಹೆದರಿಕೆ ಮಾತ್ರ ಉಳಿಯುತ್ತದೆ. ಹೆದರಿಕೆಯಿಂದ ಸ್ಮಾರಕ ಉಳಿಯುವುದಾದರೆ 2013ರ ಮಹಾಲೇಖಪಾಲರ ವರದಿಯಲ್ಲಿ ದೇಶದ 92 ಸಂರಕ್ಷಿತ ಸ್ಮಾರಕಗಳು ಕಾಣೆಯಾಗಿವೆ ಎಂಬ ಮಾತು ಬರುತ್ತಿರಲಿಲ್ಲ. ಗುಡಿ, ಗೋರಿಗಳೇ ಹಾಗೆ ಕಾಣೆಯಾಗಬಲ್ಲವಾದರೆ ಬೂದಿಯ ದಿಬ್ಬ, ಗೀರು ಬಿದ್ದ ಬಂಡೆಗಳ ಗತಿ ಏನು?

ಬಳ್ಳಾರಿ ಊರಿನ ಪಕ್ಕದಲ್ಲೇ ಇರುವ ಸಂಗನಕಲ್ಲಿಗೆ ಬನ್ನಿ. ಕುಪ್ಪಗಲ್ಲಿನವರೆಗೆ ಚಾಚಿದ ಈ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆ ಜನ ದನ ಸಾಕಿಕೊಂಡು, ಹುರುಳಿ ಬಿತ್ತಿಕೊಂಡು ಬಾಳಿದರು. ಹಿರೇಗುಡ್ಡವನ್ನು ಸೀಳಿಕೊಂಡು ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಗೆ ಉಜ್ಜಿ ನುಣುಪು ಮಾಡಿ ಕೊಡಲಿಗಳನ್ನು ತಯಾರಿಸಿದರು. ಉಜ್ಜಿ ಉಜ್ಜಿ ಬಂಡೆಗಳಲ್ಲಿ ಬಿದ್ದ ತಗ್ಗುಗಳು, ಕೆಲಸದ ಜಾಗದಲ್ಲಿ ರಾಶಿಬಿದ್ದ ಚಕ್ಕೆಗಳು ಹಾಗೇ ಇವೆ. ಅಂದರೆ ಇದು ಶಿಲಾಯುಗದ ಕಾರ್ಖಾನೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ಗುರುತಿಸಿದ. ಪುರಾತತ್ತ್ವಜ್ಞರಲ್ಲಿ 1940ರ ದಶಕದಲ್ಲಿ ಬಿ. ಸುಬ್ಬರಾವ್, 1964–65ರಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್, ಆಮೇಲೆ ರವಿ ಕೋರಿಶೆಟ್ಟರ್ ಮತ್ತು ನಿಕೋಲ್ ಬೊಯ್ವಿನ್ ಅವರ ತಂಡದವರು ಇಲ್ಲಿ ಕೆಲಸ ಮಾಡಿದರು.

ಅದೇ ಕರಿಕಲ್ಲಿನ ಮೇಲೆ ಉದ್ದ ಕೊಂಬಿನ, ಇಣಿಯೆದ್ದ ಎತ್ತುಗಳ ಗೀರುಚಿತ್ರಗಳು ನೂರಾರಿವೆ. 1892ರಲ್ಲಿ ಫಾಸೆಟ್ ಎಂಬವನು ಇವನ್ನು ಕುರಿತು ಬರೆದ. ಚಿತ್ರಗಳ ನಡುವಿನ ಕೆಲವು ಬಂಡೆಗಳಲ್ಲಿ ಕುಳಿಗಳಿವೆ. ಅಲ್ಲಿ ಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ನಾದ ಹೊರಡುತ್ತದೆ. ಯಾವ ಕುಣಿತಕ್ಕೋ ಯಾವ ಪೂಜೆಗೋ ಆ ನಾದ ಎಬ್ಬಿಸಿದರು. 2004ರಲ್ಲಿ ಬೊಯ್ವಿನ್ ಈ ನಾದದ ಬಂಡೆಗಳ ಬಗ್ಗೆ ಬರೆದಾಗ ಜಗತ್ತಿನ ಪತ್ರಿಕೆಗಳು ಬಳ್ಳಾರಿಯತ್ತ ತಿರುಗಿದವು. ಅದೇ ಹೊತ್ತಿಗೆ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಜಲ್ಲಿಗಾಗಿ ಕಲ್ಲು ಗಣಿಗಾರಿಕೆ ನಡೆದಿತ್ತು. ರಸ್ತೆಗೆ ಜಲ್ಲಿ ಬೇಕು, ನಿಜ. ಆದರೆ ಸುತ್ತ ಕಣ್ಣು ಹಾಯುವಷ್ಟು ದೂರ ಕಲ್ಲುಗುಡ್ಡಗಳೇ ಇರುವ ಜಿಲ್ಲೆಯಲ್ಲಿ ಇದೊಂದು ಗುಡ್ಡವನ್ನು ಬಿಟ್ಟು ಪರವಾನಗಿ ಕೊಡಲು ಆಗದಷ್ಟು ಕಲ್ಲಿನ ಬರವೇನೂ ನಮಗಿಲ್ಲ.

ಬಳ್ಳಾರಿಯಲ್ಲಿ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಆಗಿದೆ. ಅದನ್ನು ಮೆಚ್ಚಬೇಕು. ಆದರೆ ಕೊಡಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದೇ ಹೊರತು ಕೊಡಲಿ ಹುಟ್ಟಿದ ಗುಡ್ಡವನ್ನಲ್ಲ. ಗುಡ್ಡ ಜಲ್ಲಿಯಾದರೆ ಪೆಟ್ಟಿಗೆಯೊಳಗಿನದು ಬರೀ ಕಲ್ಲು.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯದೂ ಇದೇ ಬಗೆಯ ಸಂಗತಿ. 1963–64ರಲ್ಲಿ ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಅಲ್ಲಿನ ಗುಡ್ಡಗಳಲ್ಲಿ ಅಗೆದಾಗ ಬಂಡೆಗಳ ಆಸರೆಯಲ್ಲಿ ಹಾಕಿಕೊಂಡಿದ್ದ ದುಂಡು ಗುಡಿಸಲುಗಳ ನೆಲ, ಸಮಾಧಿಗಳು, ತಾಮ್ರದ ಕೊಡಲಿ, ಚಿನ್ನದ ಕಿವಿಯೋಲೆ ಸಿಕ್ಕವು. ದಕ್ಷಿಣ ಭಾರತದ ಶಿಲಾಯುಗವನ್ನು ಓದುವವರಿಗೆ ತೆಕ್ಕಲಕೋಟೆ ತಪ್ಪಿಸಲಾಗದ ಹೆಸರು. ತೆಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ಇಳಿದವನಿಗೆ ಮಾತ್ರ ಇದನ್ನು ಹೇಳುವವರು ಸಿಗುವುದು ಕಷ್ಟ. ಕುಡತಿನಿಯ ಬೂದಿದಿಬ್ಬದ ಮಾತಂತೂ ಕೇಳಲೇಬೇಡಿ. ಶಿಲಾಯುಗದವರು ದನದ ದೊಡ್ಡಿಗಳಲ್ಲಿ ಸಗಣಿ ಪೇರಿಸಿ ಮತ್ತೆ ಮತ್ತೆ ಸುಟ್ಟದ್ದರಿಂದ ಇಂಥ ದಿಬ್ಬಗಳು ಎದ್ದವು ಎಂದು ಫೂಟ್ ಊಹಿಸಿದ್ದ. ಅಂಥದೇ ದಿಬ್ಬವನ್ನು ಉತ್ನೂರಿನಲ್ಲಿ ಅಗೆದ ಪುರಾತತ್ತ್ವಜ್ಞ ಆಲ್ಚಿನ್ ಅದನ್ನು ತೋರಿಸಿಕೊಟ್ಟ. ನಮ್ಮ ಜನರಿಗೆ ಅದು ರಾಕ್ಷಸನ ಬೂದಿ, ಇಲ್ಲವೇ ಹೊಲಕ್ಕೆ ಹಾಕುವ ಒಳ್ಳೆಯ ಗೊಬ್ಬರ. ಗಾಡಿಗಟ್ಟಲೆ ಬೂದಿ ಹೊಲ ಸೇರಿ ಈ ಸೀಮೆಯ ಎಷ್ಟೋ ದಿಬ್ಬಗಳು ಕರಗಿವೆ. ಅದೇ ಕುಡತಿನಿಯಲ್ಲಿ ಈಗ 1700 ಮೆಗಾವಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಅದರ ಹಾರುಬೂದಿ ಇಡಲು ನಮಗೆ ಬೇಕಾದಷ್ಟು ಜಾಗವಿದೆ, ಹಳೆಯ ಬೂದಿಗೆ ಇಲ್ಲ.

ಇಲ್ಲಿ ರೈತನ ಮೇಲೆ ತಪ್ಪು ಹೊರಿಸುವುದು ಸುಲಭ. ತನ್ನ ಹೊಲದಲ್ಲಿರುವುದು ಏನೆಂದು ಅವನಿಗೆ ಯಾರೂ ಹೇಳದೆ, ಹೇಳಬೇಕಾದ ಇಲಾಖೆ ಇಂಗ್ಲಿಷಿನಲ್ಲಿ ವರದಿ ಬರೆದು ಸುಮ್ಮನಾದರೆ, ತಪ್ಪು ಯಾರದು?

ಸಿರುಗುಪ್ಪ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲಿರುವ ಅಶೋಕನ ಬಂಡೆಶಾಸನಗಳ ವಿಷಯಕ್ಕೆ ಬಂದರೆ ಹೆಮ್ಮೆಗೂ ಸಂಕೋಚಕ್ಕೂ ಕಾರಣವಿದೆ. ಅಶೋಕನ ಶಾಸನಗಳಲ್ಲಿ ಬಹುಪಾಲು ಅವನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆಯುತ್ತವೆ. ಅಶೋಕ ಎಂಬ ಹೆಸರೇ ಬರುವುದು ಬೆರಳೆಣಿಕೆಯ ಕಡೆ: ಮಧ್ಯಪ್ರದೇಶದ ಗುಜರ್ರಾ, ರಾಯಚೂರು ಜಿಲ್ಲೆಯ ಮಸ್ಕಿ, ಮತ್ತೆ ತುಂಗಭದ್ರೆಯ ಸೀಮೆಯ ಈ ಎರಡು ಊರುಗಳು. 1915ರಲ್ಲಿ ಸಿಕ್ಕ ಮಸ್ಕಿ ಶಾಲೆಯ ಪಠ್ಯಪುಸ್ತಕ ಸೇರಿತು. 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ನಿಟ್ಟೂರು, ಉದೇಗೋಳಗಳು ಸಿರುಗುಪ್ಪದ ಮಕ್ಕಳಿಗೇ ತಲುಪಿಲ್ಲ. ಎರಡು ಸಾವಿರದ ಇನ್ನೂರು ವರ್ಷ ಮಳೆಬಿಸಿಲು ತಡೆದ ಅಕ್ಷರ ಅದು. ಗೊತ್ತಿಲ್ಲದ ಒಬ್ಬ ಹುಡುಗ ಮೊಳೆಯಿಂದ ತನ್ನ ಹೆಸರು ಗೀಚಲು ಐದು ನಿಮಿಷ ಸಾಕು.

ಕುರುಗೋಡಿನ ಕತೆ ಬೇರೆ. ಸಿಂದರ ರಾಜಧಾನಿಯಾಗಿದ್ದ ಊರು; ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ಬಸವ ಹನ್ನೆರಡು ಅಡಿಯಷ್ಟು ಎತ್ತರ. ಇದಕ್ಕೆ ಕಾವಲು ಬೇಕಿಲ್ಲ, ತೇರಿಗೆ ಸೇರುವ ಸಾವಿರಾರು ಭಕ್ತರೇ ಕಾವಲು. ಪೂಜೆ ನಿಂತ ಗುಡಿಗಳಲ್ಲಿ ನಿಧಿಗಳ್ಳರು ನಂದಿಯ ಬುಡ ಅಗೆಯುವ ಸೀಮೆಯಲ್ಲಿ ಪೂಜೆಯೇ ದೊಡ್ಡ ರಕ್ಷೆ. ಆದರೆ ಭಕ್ತಿಗೂ ತನ್ನದೇ ಹಾವಳಿಯಿದೆ. ಜೀರ್ಣೋದ್ಧಾರದ ಹೆಸರಲ್ಲಿ ನಮ್ಮ ಹಳ್ಳಿಗಳಲ್ಲಿ ಕಂಬಗಳಿಗೆ ಆಯಿಲ್ ಪೇಂಟ್, ನೆಲಕ್ಕೆ ಟೈಲ್ಸ್, ಮುಂದೆ ಸಿಮೆಂಟಿನ ಮಂಟಪ ಬರುತ್ತವೆ; ಶಾಸನದ ಕಲ್ಲಿಗೆ ಸುಣ್ಣ. ಬಳಿಯುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ, ಅದಕ್ಕೇ ತಡೆಯುವುದು ಕಷ್ಟ. ಅಲ್ಲದೆ ಗುಡಿಯನ್ನು ಉಳಿಸಲು ಭಕ್ತಿಯೊಂದೇ ಸಾಲದು ಎಂಬುದನ್ನೂ ಈ ಜಿಲ್ಲೆ ಕಂಡಿದೆ. ಗಣಿ ದುಡ್ಡಿನ ಉಬ್ಬರದಲ್ಲಿ, 2006ರಲ್ಲಿ, ಆಂಧ್ರದ ಗಡಿಯ ಸುಗ್ಗಲಮ್ಮನ ಗುಡಿಯನ್ನು ಸಿಡಿಮದ್ದಿಟ್ಟು ಕೆಡವಲಾಯಿತು.

ನನ್ನ ಮೆಚ್ಚುಗೆ ಹೆಚ್ಚು ಸಲ್ಲುವುದು ಯಾರೂ ಸ್ಮಾರಕವೆಂದು ಕರೆಯದ ಒಂದಕ್ಕೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ದೊಡ್ಡ ಗುಂಡುಗಳ ಒಡ್ಡು ಕಟ್ಟಿ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಇಂದಿಗೂ ಅವುಗಳ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಅರಮನೆಗಳು ಬಿದ್ದವು, ಕೆಂಚನಗುಡ್ಡದ ಕೋಟೆ ಪಾಳುಬಿತ್ತು, ಕಾಲುವೆ ಹರಿಯುತ್ತಿದೆ. ಪ್ರತಿ ವರ್ಷ ಹೂಳೆತ್ತಿ, ಬಿರುಕು ಮುಚ್ಚಿ ಉಳಿಸಿದವರು ರೈತರು, ನೀರಗಂಟಿಗಳು. ಈಚೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ವಿಜಯನಗರ ಕಾಲುವೆಗಳ ಆಧುನೀಕರಣ ನಡೆದಿದೆ. ಕಾಂಕ್ರೀಟ್ ಬೇಡವೆನ್ನಲು ನಾನು ಯಾರು, ಕೊನೆಯ ಹೊಲಕ್ಕೆ ನೀರು ಮುಟ್ಟಬೇಕು. ಕಾಂಕ್ರೀಟ್ ಸುರಿಯುವ ಮೊದಲು ಹಳೆಯ ಕಲ್ಲುಕಟ್ಟಡ, ತೂಬುಗಳ ಅಳತೆ ತೆಗೆದು, ಚಿತ್ರ ಬರೆದಿಡುವುದು ಮಾತ್ರ ಗುತ್ತಿಗೆಯ ಒಂದು ಷರತ್ತಾಗಿರಬೇಕು.

ಊರವರೇ ತಮ್ಮದನ್ನು ಉಳಿಸಿಕೊಳ್ಳುವುದಕ್ಕೆ ದೂರದ ಒಂದು ಉದಾಹರಣೆ ನೋಡಿ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮ್ಯಾಡಿಸನ್ ಎಂಬ ಕೃಷಿ ಪ್ರದೇಶದ ಕೌಂಟಿಯಿದೆ. ಅಲ್ಲಿನ ಹಲವು ಮರದ ಮಾಡುಸೇತುವೆಗಳು 1966ರ ಕಾಯ್ದೆಯಂತೆ ತಯಾರಾಗುವ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ. ಆ ಪಟ್ಟಿಗೆ ನಮ್ಮ ಕಾಯ್ದೆಯ ಹಲ್ಲಿಲ್ಲ. ಖಾಸಗಿ ಮಾಲೀಕ ತನ್ನ ದುಡ್ಡಲ್ಲಿ ಕೆಡವಿದರೆ ಅದು ತಡೆಯದು. ಅದೇ ಕೌಂಟಿಯ ಸೀಡರ್ ಸೇತುವೆಗೆ 2002ರಲ್ಲೂ 2017ರಲ್ಲೂ ಕಿಡಿಗೇಡಿಗಳು ಬೆಂಕಿಯಿಟ್ಟರು. ಎರಡು ಸಲವೂ ಊರವರು ಮತ್ತೆ ಕಟ್ಟಿದರು. ಪಟ್ಟಿಗೆ ಹೆಸರು ಸೂಚಿಸುವ ಕೆಲಸ ಅಲ್ಲಿ ಊರಿನ ಸಾಮಾನ್ಯನೂ ಮಾಡಬಹುದು. ತನ್ನ ಓಣಿಯ ಶಾಲೆ, ಕಣಜ, ಸೇತುವೆಯ ಚರಿತ್ರೆಯನ್ನು ಅವನೇ ಬರೆದು ಕಳಿಸುತ್ತಾನೆ. ನಮ್ಮಲ್ಲಿ ಕಾಯ್ದೆಗೆ ಹಲ್ಲಿದೆ, ಊರಿನವನಿಗೆ ಬಾಯಿಲ್ಲ.

ಆ ಬಾಯಿ ಕೊಡಲು ಹೊಸ ಕಾಯ್ದೆ ಬೇಕಿಲ್ಲ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ತಾಲ್ಲೂಕುಗಳ ಪ್ರತಿಯೊಂದು ಶಾಸನ, ಬೂದಿದಿಬ್ಬ, ಶಿಲಾಯುಗದ ಗುಡ್ಡ ಯಾವ ಸರ್ವೆ ನಂಬರಿನಲ್ಲಿದೆಯೋ ಆ ಪಹಣಿಯ 11ನೇ ಕಾಲಂನಲ್ಲಿ ಅದರ ನಮೂದು ಬರಲಿ. ಬ್ಯಾಂಕಿನ ಸಾಲ ಅಲ್ಲಿ ತಪ್ಪದೆ ದಾಖಲಾಗುತ್ತದೆ, ನಾಲ್ಕು ಸಾವಿರ ವರ್ಷದ ಋಣವೂ ದಾಖಲಾಗಲಿ. ಆಗ ಗಣಿ ಇಲಾಖೆ ಪರವಾನಗಿ ಕೊಡುವ ಮುನ್ನ ಕಾಗದದಲ್ಲೇ ತಡೆ ಕಾಣುತ್ತದೆ. ಪಟ್ಟಿ ಮಾಡುವ ಕೆಲಸ ಗ್ರಾಮ ಪಂಚಾಯಿತಿ ಮತ್ತು ಶಾಲೆಯ ಮೇಷ್ಟ್ರುಗಳಿಂದ ಶುರುವಾಗಬಹುದು. ನಿಮ್ಮ ಹೊಲದ ಬದುವಿನಲ್ಲೋ ಊರಮುಂದಿನ ಗುಡ್ಡದಲ್ಲೋ ಅಂಥದ್ದೊಂದು ಇದ್ದರೆ, ಸರ್ವೆ ನಂಬರ್ ಬರೆದು ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳುವುದನ್ನು ಮರೆಯಬೇಡಿ.